ಮಾಸ್ಕಿಲ್ಲದ ಮೊದಲ ಸ್ಪ್ರೇ

ಜುಲೈ 6, ಸಂಜೆ

ಇವತ್ತೂ ಮಾಸ್ಕ್ ಪರೀಕ್ಷೆ. ವೃದ್ಧಾಶ್ರಮದ ಊಟದ ಕೋಣೆಯಲ್ಲಿ ಒಂದು ಕುರ್ಚಿ, ತಲೆಗೆ ಪ್ಲಾಸ್ಟಿಕ್ ಮುಸುಕು, ಕಹಿ ನೀರಿನ ಸ್ಪ್ರೇ. ಮೊದಲು ಮಾಸ್ಕಿಲ್ಲದೆ ಒಂದು ಸಲ — ನಾಲಿಗೆಗೆ ಕಹಿ ತಿಳಿಯುತ್ತದೆಯೇ ಎಂದು. ಆಮೇಲೆ ಮಾಸ್ಕ್ ಹಾಕಿಸಿ ಮತ್ತೆ. ಆಗಲೂ ಕಹಿ ಬಂದರೆ ಮಾಸ್ಕ್ ಸೋರುತ್ತಿದೆ, ಫೇಲ್.

ಮೂವತ್ತೊಂದು ಜನ ಸಿಬ್ಬಂದಿ. ಹೊತ್ತು ಉಳಿಸಲು ಹತ್ತು ಗಂಟೆಯಿಂದ ಮೊದಲ ಸ್ಪ್ರೇ ಮಾಡದೆಯೇ ಬಿಟ್ಟೆ. ಕಹಿ ಯಾರಿಗೆ ತಾನೇ ತಿಳಿಯುವುದಿಲ್ಲ?

ಕೊನೆಗೆ ದೊಡ್ಡಕ್ಕ. ಎಲ್ಲರೂ ಹಾಗೇ ಕರೆಯುವ ಆಯಾ. ಹಿಡಿಯಷ್ಟು ಮುಖ. ಸಣ್ಣ ಸೈಜ್ ಮುಗಿದಿತ್ತು. ದೊಡ್ಡದರಲ್ಲಿ ಫೇಲಾದರೆ ಮನೆಗೆ.

“ಕಹಿ ಬಂತಾ?”

“ನಿಮ್ಮ ಮಾತಿಗಿಂತ ಸಪ್ಪೆ, ಅಣ್ಣಾ.”

ಪರೀಕ್ಷೆ ಮುಗಿಸಿ ನಿಂತಿದ್ದವರೆಲ್ಲ ನಕ್ಕರು. ಪಾಸ್ ಎಂದು ಬರೆದೆ. ಕೆನ್ನೆಯ ಪಕ್ಕ ಬೆರಳು ತೂರುವಷ್ಟು ಸಂದು. ಕಂಡಿತ್ತು... ಪರೀಕ್ಷೆಯನ್ನು ನಂಬಿದೆ.

ಜುಲೈ 8, ಮಧ್ಯಾಹ್ನ

ಊಟದ ಹೊತ್ತಿಗೆ ಅಡುಗೆಯವನಿಗೂ ದೊಡ್ಡಕ್ಕನಿಗೂ ಜಟಾಪಟಿ.

“ಉಪ್ಪು ಹಾಕೋದೇ ಮರ್ತ್ಯಾ, ಮಹಾರಾಯ?”

“ಜಾಸ್ತಿ ಆಯ್ತು ಅಂತ ಊರೆಲ್ಲಾ ಬೈತಿದೆ, ನಿಂದೊಂದು ಬೇರೆ!”

ಎತ್ತಿದ ತುತ್ತು ಇಳಿಸಿದೆ. ಅವಳಿಗೆ ಕಹಿ ಬಾರದಿದ್ದದ್ದು ಮಾಸ್ಕಿನಿಂದಲ್ಲ. ನಾಲಿಗೆಗೆ ರುಚಿಯೇ ಹೋಗಿತ್ತು. ಎರಡು ದಿನದಿಂದ ಹನ್ನೆರಡು ಹಿರಿಯರಿಗೆ ಕೈಯಾರೆ ಉಣ್ಣಿಸುತ್ತಿದ್ದಾಳೆ, ಆ ಸಂದಿನ ಮಾಸ್ಕಿನಲ್ಲಿ.

ಡಾಕ್ಟರಿಗೆ ಫೋನ್. ಅವಳನ್ನು ಟೆರೇಸಿನ ಕೋಣೆಗೆ. ಅಷ್ಟು ಮಾಡಿದೆ. ನನ್ನ ತಪ್ಪು ಹೇಳಲಿಲ್ಲ.

ಜುಲೈ 9

ಪಾಸಿಟಿವ್.

ಜುಲೈ 13, ಸಂಜೆ

ಮೂವರು ಹಿರಿಯರಿಗೆ ಜ್ವರ. ಕಿಟಕಿ ಪಕ್ಕದ ಮೇಷ್ಟ್ರು ಆಕ್ಸಿಜನ್ ಮೇಲೆ. ಆಶ್ರಮ ನೋಡಿಕೊಳ್ಳುವ ಮೇಟ್ರನ್ ತೀರ್ಮಾನ: ಕೆಲಸ ಹೋಗುತ್ತದೆಂದು ದೊಡ್ಡಕ್ಕ ಸುಳ್ಳು ಹೇಳಿ ಪಾಸಾದಳು, ತೆಗೆದುಹಾಕಬೇಕು. ಸುಮ್ಮನೆ ಕೇಳಿಸಿಕೊಂಡೆ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ.

ದೊಡ್ಡಕ್ಕನ ಫೋನ್. ಕೆಮ್ಮು.

“ಮೇಷ್ಟ್ರು ಉಂಡ್ರಾ? ನುಣ್ಣಗೆ ಕಿವುಚಿ ಕೊಡ್ಬೇಕು ಅವ್ರಿಗೆ, ಇಲ್ಲಾಂದ್ರೆ ಗಂಟಲಲ್ಲಿ ಸಿಕ್ಕೊಳ್ಳುತ್ತೆ.” ಮತ್ತೆ ಕೆಮ್ಮಿ — “ನಂಗೆ ನಿಜವಾಗ್ಲೂ ಕಹಿ ಬರ್ಲಿಲ್ಲ, ಅಣ್ಣಾ. ನೀವಾದ್ರೂ ನಂಬ್ತೀರಲ್ಲ?”

“ನಂಬ್ತೀನಿ.”

ನಂಬುವುದೇನು ಬಂತು. ಗೊತ್ತಿದೆ.

ಜುಲೈ 14, ಬೆಳಿಗ್ಗೆ 7.40

ಎಂಟಕ್ಕೆ ಮೇಟ್ರನ್ ಕೋಣೆ. ಬಾಯಿ ಕೈಕೊಡುತ್ತದೆ, ಬರೆದುಕೊಂಡೇ ಹೋಗಬೇಕು.

ಅವಳು ಸುಳ್ಳು ಹೇಳಲಿಲ್ಲ. ಮಾಸ್ಕಿಲ್ಲದ ಮೊದಲ ಸ್ಪ್ರೇ — ಅದನ್ನು ಮಾಡದೆ ಬಿಟ್ಟವನು ನಾನು.