ಸಹಿ ಹಾಕುವ ಮೊದಲು ಗುಬ್ಬಿಯನ್ನು ಕೇಳಿ

ರೀ,

ನೈಟ್ ಶಿಫ್ಟ್ ಮುಗಿಸಿ ಈಗತಾನೇ ಮಲಗಿದ್ದೀರಿ ಅಂತ ಎಬ್ಬಿಸಲಿಲ್ಲ. ನಾನು ಡ್ಯೂಟಿಗೆ ಹೊರಟೆ. ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಳ್ಳಿ.

ಗುಬ್ಬಿಯ ಪರ್ಮಿಟ್ ಅರ್ಜಿ ಟಿವಿ ಪಕ್ಕದಲ್ಲಿದೆ. ಸೀರಿಯಲ್‌ನಲ್ಲಿ ಇನ್ನೊಂದು ತಿಂಗಳು ನಟಿಸಬೇಕಾದರೆ ಅಪ್ಪ ಅಮ್ಮ ಇಬ್ಬರ ಸಹಿಯೂ ಬೇಕಂತೆ. ನನ್ನದು ಹಾಕಿದ್ದೇನೆ. ಹಾಕಿದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ.

ನಿನ್ನೆ ಪರ್ಮಿಟ್ ಆಫೀಸಿನ ಮೇಡಂ ನನ್ನನ್ನು ಹೊರಗೆ ಕೂರಿಸಿ, ಶೂಟಿಂಗಿಗೆ ಹೋಗೋಕೆ ಇಷ್ಟಾನಾ ಅಂತ ಇವಳೊಬ್ಬಳನ್ನೇ ಕೇಳಿದರು. "ತುಂಬಾ ಇಷ್ಟ ಆಂಟಿ" ಅಂದಳು, ಮುಖದ ತುಂಬಾ ನಗು. ಬಾಗಿಲ ಸಂದಿಯಲ್ಲಿ ನೋಡಿ ನನಗೂ ಸಮಾಧಾನವಾಯಿತು. ಮೆಟ್ಟಿಲಿಳಿಯುವಾಗ ಕೈ ಜಗ್ಗಿ, "ಅಮ್ಮಾ, ಸರಿಯಾಗಿ ಹೇಳಿದ್ನಾ? ಇನ್ನೊಂದ್ಸಲ ಹೇಳ್ಬೇಕಾ?" ಅಂದಳು. ಹಾಗಾದರೆ ನಿಜ ಏನೇ ಅಂದರೆ, "ನಿಂಗೆ ಯಾವ್ದು ಬೇಕು?" ಅಂತ ನನ್ನನ್ನೇ ಕೇಳುತ್ತಾಳೆ. ತಲೆ ಕೆಟ್ಟುಹೋಗಿದೆ. ಅಳು ಅಂದರೆ ಅಳುತ್ತಾಳೆ, ನಗು ಅಂದರೆ ನಗುತ್ತಾಳೆ. ಯಾವುದನ್ನು ನಂಬಲಿ ಹೇಳಿ.

ಸಂಜೆ ಸೀರಿಯಲ್‌ನ ಮ್ಯಾನೇಜರ್ ಅರ್ಜಿ ತೆಗೆದುಕೊಂಡು ಹೋಗಲು ಬರುತ್ತಾನೆ. ಅಷ್ಟರೊಳಗೆ ನೀವೊಮ್ಮೆ ಕೇಳಿ. ಎದುರಿಗೆ ಕೂರಿಸಿಕೊಂಡು ಗಂಭೀರವಾಗಿ ಕೇಳಬೇಡಿ, ಅದನ್ನೂ ಸೀನು ಅಂದುಕೊಳ್ಳುತ್ತಾಳೆ. ಜಡೆ ಹಾಕುತ್ತಾ ಹಿಂದಿನಿಂದ ಕೇಳಿ, ಆಗ ನಿಮ್ಮ ಮುಖ ನೋಡಿ ಉತ್ತರ ಹೇಳೋಕಾಗಲ್ಲ. ಜಡೆ ಹಾಕೋಕೆ ಬರಲ್ಲ ಅಂತ ಜಾರಿಕೊಳ್ಳಬೇಡಿ, ಸೊಟ್ಟಗಿದ್ದರೂ ಪರವಾಗಿಲ್ಲ.

ಅವಳಿನ್ನೂ ನಿದ್ದೆಯಲ್ಲಿದ್ದಾಳೆ, ಎಬ್ಬಿಸಬೇಡಿ. ನಿದ್ದೆಯೇ ಇರಬೇಕು. ಆಸ್ಪತ್ರೆ ಸೀನಿನಲ್ಲೂ ಹೀಗೇ ಮಲಗಿದ್ದಳು.