ಅರ್ಧ ಬಾವಿ

9 ನವೆಂಬರ್ 1947, ಭಾನುವಾರ

ಬೆಳಗಿನಿಂದ ಗುಡಿಸಿದ್ದೇ ಗುಡಿಸಿದ್ದು. ಇದು ಮನೆಯೋ, ಬಾವಲಿಗಳ ಧರ್ಮಛತ್ರವೋ! ಮಾಳಿಗೆಯ ಮಣ್ಣು ಅಲ್ಲಲ್ಲಿ ಜರಿದಿದೆ, ಮಲಗಿದಲ್ಲೇ ಆಕಾಶ ಕಾಣುತ್ತದೆ. ಇವರು ಮಾತ್ರ "ಮರಮ್ಮತ್ ಮಾಡಿಸಿದ್ರ ಅರಮನಿ ಆಗ್ತದ ನೋಡು" ಎಂದು ದವಾಖಾನೆಗೆ ಹೊರಟುಬಿಟ್ಟರು. ಕಂಪೌಂಡರಿಗೆ ಭಾನುವಾರ ರಜೆಯಿಲ್ಲ. ನಿಜಾಮರ ಸೀಮೆಯಲ್ಲಿ ರಜೆ ಶುಕ್ರವಾರ. ಸೊಲ್ಲಾಪುರದಲ್ಲಿ ಬೆಳೆದ ನನಗೆ ಇನ್ನೂ ಒಗ್ಗಿಲ್ಲ.

ಹಿತ್ತಲಲ್ಲಿ ಒಂದು ವಿಚಿತ್ರ. ಪಕ್ಕದ ಮನೆಯ ಗೋಡೆಗೆ ಒತ್ತಿಕೊಂಡು ನೆಲದ ಮೇಲೆ ದೊಡ್ಡ ಫರಸಿ ಕಲ್ಲು, ಸುತ್ತ ಗಚ್ಚು ಹಾಕಿ ಮುಚ್ಚಿದೆ. ಕಾಲಿನಿಂದ ಕುಟ್ಟಿದೆ—ಪೊಳ್ಳು ಸದ್ದು. ಜೋಳದ ಹಗೇವೋ? ಹಾವಿನ ಮನೆಯೋ? ಇವರನ್ನು ಕೇಳಿದರೆ, "ಶರಣಬಸಮ್ಮ, ನಿನಗ್ಯಾಕ ಬೇಕು ಅದು?" ನನಗಲ್ಲದೆ ಮತ್ಯಾರಿಗೆ ಬೇಕು!

12 ನವೆಂಬರ್

ಗೌಂಡಿ ಪೀರಪ್ಪ ಮಾಳಿಗೆ ನೋಡಲು ಬಂದಿದ್ದ. ಮಾಳಿಗೆ ಇರಲಿ, ಮೊದಲು ಕಲ್ಲು ಎತ್ತು ಎಂದೆ. ಎತ್ತಿದ. ಬಾವಿ!

ಬಾವಿಯೂ ಅಲ್ಲ, ಅರ್ಧ ಬಾವಿ. ನಡುಗೋಡೆ ಬಾವಿಯ ಬಾಯಿಯ ಮೇಲೇ ಹಾದುಹೋಗಿದೆ. ಇತ್ತಲಿನ ಅರ್ಧ ನಮ್ಮದು, ಅತ್ತಲಿನದು ಪಕ್ಕದ ಮನೆಯವರದು. ಹಿಂದೆ ಎರಡೂ ಅಣ್ಣತಮ್ಮಂದಿರ ಮನೆಯಂತೆ, ಪಾಲಾದಾಗ ಬಾವಿಗೂ ಪಾಲು. ಗೋಡೆ ಒಳಗೆ ಸ್ವಲ್ಪ ಇಳಿದು ಕಲ್ಲಿನ ತೊಲೆಯ ಮೇಲೆ ನಿಂತುಬಿಟ್ಟಿದೆ. ಅದರ ಕೆಳಗೆ ನೀರು ಒಂದೇ. ನೀರನ್ನು ಪಾಲು ಮಾಡಲು ಅವರಿಗೂ ಆಗಿಲ್ಲ.

ಬಗ್ಗಿ ನೋಡುತ್ತಿದ್ದಾಗಲೇ ಆ ಕಡೆಯಿಂದ ಒಂದು ತಾಮ್ರದ ಕೊಡ ಇಳಿಯಿತು. ಕೈ ಕಾಣಲಿಲ್ಲ, ಹಗ್ಗ ಮಾತ್ರ. ಹೌಹಾರಿ "ಅಯ್ಯೋ" ಅಂದೆ. ಕೊಡ ಅಲ್ಲೇ ನಿಂತಿತು.

"ಯಾರ್ರೀ ಅದು?" ಗೊಗ್ಗರು ದನಿ, ಹೆಂಗಸಿನದು.

"ನಾವ್ರಿ. ಹೊಸದಾಗಿ ಬಂದೇವಿ. ನೀವು?"

"ನಾವು ಹಳಬರು." ನಕ್ಕಳು. ಕೊಡ ಮೇಲೆ ಹೋಯಿತು.

3 ಡಿಸೆಂಬರ್

ಹೆಸರು ವಜೀರುನ್ನಿಸಾ. ಗಂಡ ಕರೀಮಸಾಬರು ದರ್ಗಾದ ಹತ್ತಿರ ಅತ್ತರು, ಊದು, ಸುರ್ಮಾ ಮಾರುತ್ತಾರೆ. ದನಿ ಕೇಳಿದರೆ ನನಗಿಂತ ಹಿರಿಯಳೇ. ಅದಕ್ಕೇ ನಾನು ಆಪಾ ಅನ್ನುತ್ತೇನೆ. ನಾನು ಪೀರಪ್ಪನನ್ನು ಬೈಯುವುದು ಕೇಳಿ ಆಕೆ ನನ್ನನ್ನು ಅಕ್ಕಾ ಅನ್ನುತ್ತಾಳೆ.

ನಿನ್ನೆ ಎರಡೂ ಕೊಡ ಒಳಗೆ ಡಿಕ್ಕಿ ಹೊಡೆದು ನನ್ನದು ನೆಗ್ಗಿತು. ಇಂದು ಕಾನೂನು ಮಾಡಿಕೊಂಡೆವು. ಪೀರಪ್ಪ ನಮ್ಮ ಕಡೆಗೂ ಬಾವಿಗೆ ಕಟ್ಟೆ ಕಟ್ಟಿದ್ದಾನೆ. ಕೊಡ ಬಿಡುವ ಮುಂಚೆ ಕೊಡದಿಂದಲೇ ಕಟ್ಟೆಗೆ ಎರಡು ಸಲ ತಟ್ಟಬೇಕು.

ಗೋಷಾ ಹೆಂಗಸು, ಹೊರಗೆ ಬರುವುದಿಲ್ಲ. ನಾನಾದರೂ ಹೋಗಬಹುದಲ್ಲ? ಅವರ ಬಾಗಿಲು ಹಿಂದಿನ ಓಣಿಗೆ. ಇವರು, "ದಿನಮಾನ ಸರಿ ಇಲ್ಲ, ಆ ಓಣಿಗಿ ಹೋಗಬ್ಯಾಡ" ಅಂದರು. ಕರೀಮಸಾಬರೂ ಆಕೆಗೆ ನಮ್ಮ ಓಣಿಯ ಬಗ್ಗೆ ಅದನ್ನೇ ಹೇಳಿದ್ದಾರಂತೆ. ಗಂಡಸರು ಒಬ್ಬರನ್ನೊಬ್ಬರು ಕೇಳದೆಯೇ ಎಷ್ಟು ಚೆನ್ನಾಗಿ ಒಪ್ಪುತ್ತಾರೆ!

18 ಜನವರಿ 1948

ಪಡಸಾಲೆಗೆ ಸುಣ್ಣ ಆಯಿತು. ನೆಲಕ್ಕೆ ಶಹಾಬಾದ ಕಲ್ಲು ಕೂರಿಸುತ್ತಿದ್ದಾರೆ. ಮನೆ ಮನೆಯಂತೆ ಕಾಣತೊಡಗಿದೆ.

ಆಪಾಳ ಮುಖ ಹೇಗಿರಬಹುದು? ಹಲ್ಲು ಉಬ್ಬಿದೆಯೇ? ನೀರಿನಲ್ಲಾದರೂ ಕಂಡೀತೆಂದು ಮಧ್ಯಾಹ್ನ ಬಗ್ಗಿ ಕಾದೆ. ಹಸಿರು ಸೆರಗಿನ ಅಂಚು ಕಂಡಿತು, ಅಷ್ಟೇ. ಕೊಡ ಬಿದ್ದು ನೀರು ಕದಡಿತು.

"ಅಕ್ಕಾ, ಬಗ್ಗಿ ನೋಡಾಕತ್ತೀರೇನು?"

"ಇಲ್ರಿ ಆಪಾ."

"ನಾನೂ ನೋಡಾಕತ್ತಿದ್ದೆ," ಅಂದಳು. ಇಬ್ಬರೂ ನಕ್ಕೂ ನಕ್ಕೂ ನೀರು ಸೇದುವುದೇ ಮರೆತುಹೋಯಿತು.

7 ಫೆಬ್ರವರಿ

ಬೆಳಿಗ್ಗೆ ಕಟ್ಟೆಯ ಮೇಲೆ ಟಣ್, ಟಣ್, ಟಣ್. ಆಮೇಲೆ ಒಂದು ದೊಡ್ಡ ಕೆಮ್ಮು. ಕರೀಮಸಾಬರು! ಹೆಂಡತಿಗೆ ಚಳಿಜ್ವರ, ತಾವೇ ನೀರಿಗೆ ಬಂದಿದ್ದಾರೆ. "ತಪ್ಪಾತೇನ್ರಿ ಬಾಯಿ? ಎಷ್ಟು ಸಲ ಅಂದಿದ್ಳೋ ಏನೋ..." ಸಂಜೆಯೂ ಮೂರೇ ಸಲ, ಮತ್ತೆ ಕೆಮ್ಮು. ಅತ್ತರಿನ ಸೀಸೆ ಎಣಿಸುವವರಿಗೆ ಎರಡು ಎಣಿಸಲು ಬಾರದೆ?

ಇವರಿಂದ ಜ್ವರದ ಮಿಕ್ಸ್ಚರ್ ತರಿಸಿದೆ. ಸೀಸೆಯನ್ನು ಕೊಡದೊಳಗಿಟ್ಟು ಇಳಿಸಿ, ಉದ್ದನೆಯ ಗಳದಿಂದ ಗೋಡೆಯ ಕೆಳಗೆ ಆ ಕಡೆ ನೂಕಿದೆ. ಕೊಡ ತಿರುಗಿ ಬಂದಾಗ ಒಳಗೆ ಅತ್ತರಿನ ಹತ್ತಿ. ಇವರು ಮೂಸಿ ನೋಡಿ ಗೂಡಿನಲ್ಲಿಟ್ಟರು.

2 ಮೇ

ಊರು ಬಿಡುವವರ ಗಾಡಿಗಳ ಮೇಲೆ ಗಾಡಿ ಸೊಲ್ಲಾಪುರದ ಕಡೆ ಹೊರಟಿವೆ. ನಿಜಾಮರ ಪರವಾಗಿ ಆಯುಧ ಹಿಡಿದ ರಜಾಕಾರರು ಊರೂರು ಸುಲಿಯುತ್ತಿದ್ದಾರಂತೆ.

ಇವರು ಪೀರಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಬಾವಿಯ ನಡುಗೋಡೆಯನ್ನು ತಳದತನಕ ಕಟ್ಟಿಬಿಡಬೇಕಂತೆ. ಪೀರಪ್ಪ ಅಂದ, "ಮೊದಲ ಮಾಳಿಗಿ ಮುಗಸ್ತೇನ್ರಿ, ಆಮ್ಯಾಲ ಬಾವಿ. ಮಳಿ ಬೀಳೂದ್ರೊಳಗ ಆಗಬೇಕು. ನೀರು ಏರಿದ್ರ ಮತ್ತ ಮುಂದಿನ ಬ್ಯಾಸಿಗಿನೇ."

ಜಗಳವಾಡಿದೆ.

"ನಾಳಿ ಆ ಕಡಿಂದ ಯಾರರೇ ದಾಟಿ ಬಂದ್ರ?" ಅಂದರು.

"ಯಾರು ಬರ್ತಾರ? ಆಪಾನಾ?"

"ಆಪಾ, ಆಪಾ ಅಂತಿ. ಆಕಿ ಮುಖರೇ ನೋಡಿಯೇನು?"

ನೋಡಿಲ್ಲ.

16 ಮೇ

ಮಾಳಿಗೆ ಮುಗಿಯಿತು. ನಾಳೆಯಿಂದ ಬಾವಿ. ಕಲ್ಲು ತಂದು ಕಟ್ಟೆಯ ಬಳಿ ಒಟ್ಟಿದ್ದಾರೆ.

ಇವರು ದವಾಖಾನೆಗೆ ಹೋದ ಮೇಲೆ ಒನಕೆ ಹಿಡಿದು ಮೇಲೆ ಹತ್ತಿದೆ. ಹೊಸ ಮಣ್ಣಿನಲ್ಲಿ ಚೆನ್ನಾಗಿ ಆಡಿಸಿ ನೀರು ಸುರಿದೆ. ಸಂಜೆಗೆ ಅಡುಗೆಮನೆಯಲ್ಲಿ ತೊಟ ತೊಟ. "ಹೀಂಗ ಸೋರೋ ಮನಿಯಾಗ ಹ್ಯಾಂಗ ಇರಬೇಕು?" ಎಂದು ನಾನೇ ಕೂಗಾಡಿದೆ. ಪೀರಪ್ಪ ಬಾವಿ ಬಿಟ್ಟು ಮತ್ತೆ ಮಾಳಿಗೆ ಹತ್ತಿ ತಲೆ ಕೆರೆದುಕೊಂಡ. "ನನ್ನ ಜಿಂದಗ್ಯಾಗ ಹಿಂಗ ಆಗಿಲ್ರಿ ಅವ್ವಾರ." ಪಾಪ ಅನಿಸಿತು. ಅವನ ರೊಟ್ಟಿಗೆ ಬೆಣ್ಣೆ ಜಾಸ್ತಿ ಹಾಕಿದೆ.

27 ಮೇ

ಮಲಗುವ ಕೋಣೆಯ ಮೇಲೂ ಸೋರುತ್ತಿದೆ. (ಒನಕೆ.)

14 ಜೂನ್

ಮಳೆ! ಬಾವಿಯಲ್ಲಿ ನೀರು ಏರಿದೆ. ಗೋಡೆ ಕಟ್ಟುವ ಮಾತು ಮುಂದಿನ ಬೇಸಿಗೆಗೆ. ಸಂತೋಷಕ್ಕೆ ಹೋಳಿಗೆ ಮಾಡಿದೆ. ಯಾವ ಹಬ್ಬ ಎಂದು ಇವರು ಕೇಳಿದರು. ಆಪಾಳಿಗೆ ಒನಕೆಯ ವಿಷಯ ಹೇಳಲಿಲ್ಲ, ಹೋಳಿಗೆ ಮಾತ್ರ ಕಳಿಸಿದೆ.

11 ಜುಲೈ

ನಾನು ತೋಡಿದ ಜಾಗ ನನ್ನ ತಲೆದಿಂಬಿನ ಮೇಲೆಯೇ ಸೋರುತ್ತಿದೆ. ಇವರು ಪೀರಪ್ಪನನ್ನು ಬೈಯುತ್ತಾರೆ. ನಾನು ಹೂಂಗುಟ್ಟುತ್ತೇನೆ.

19 ಸೆಪ್ಟೆಂಬರ್, ಭಾನುವಾರ

ಭಾರತದ ದಂಡು ಬಂತು, ನಿಜಾಮರು ಶರಣಾದರು. ನಮ್ಮ ಓಣಿಯಲ್ಲಿ ಸಕ್ಕರೆ ಹಂಚಿದರು. ನಾನೂ ಖುಷಿಯಿಂದ ತಿಂದೆ. ಇನ್ನು ಹೆದರಿಕೆಯಿಲ್ಲ ಅಂದುಕೊಂಡೆ.

ಆದರೆ ಆ ಕಡೆಯಿಂದ ಇಡೀ ದಿನ ಸದ್ದಿಲ್ಲ. ಕರೀಮಸಾಬರು ಅತ್ತರು ಮಾರಲು ಜೇವರ್ಗಿಗೆ ಹೋದವರು ಬಂದಿಲ್ಲ. ಆಪಾ ಒಬ್ಬಳೇ.

20 ಸೆಪ್ಟೆಂಬರ್

ಹಿಂದಿನ ಓಣಿಯಲ್ಲಿ ಹೊಗೆ. ಕೂಗು. ನಿನ್ನೆ ಸಕ್ಕರೆ ಹಂಚಿದ ಕೈಗಳಲ್ಲೇ ಇಂದು ಬಡಿಗೆ ನೋಡಿದೆ. ಕಟ್ಟೆಗೆ ಎರಡು ಸಲ ತಟ್ಟಿದೆ. ಮತ್ತೆ ತಟ್ಟಿದೆ. ಆಪಾ, ಆಪಾ ಎಂದು ಕರೆದೆ. ಉತ್ತರವಿಲ್ಲ.

21 ಸೆಪ್ಟೆಂಬರ್, ಸಂಜೆ

ಬರೆಯಲೇಬೇಕು.

ಮಧ್ಯಾಹ್ನ ಎರಡು ಸಲ ಸದ್ದಾಯಿತು. ಕಟ್ಟೆಯ ಮೇಲಲ್ಲ, ಕೆಳಗೆ, ಬಾವಿಯೊಳಗೆ.

"ಅಕ್ಕಾ..."

"ಎಲ್ಲಿದ್ದೀರಿ ಆಪಾ?"

"ಬಾವ್ಯಾಗ. ಮೆಟ್ಟು ಹಿಡಕೊಂಡು ನಿಂತೇನಿ. ಮನಿಯಾಗ ಮಂದಿ ಹೊಕ್ಕಾರ."

ನೀರು ಏರಿ ತೊಲೆಯೇ ಮುಳುಗಿದೆ. ಮುಳುಗು ಹಾಕದೆ ದಾಟಲಾಗದು. ಔಷಧಿ ಕಳಿಸಿದ ಅದೇ ಗಳಕ್ಕೆ ಹಗ್ಗದ ತುದಿ ಸಿಕ್ಕಿಸಿ ಗೋಡೆಯ ಕೆಳಗೆ ನೂಕಿದೆ.

"ನಡಕ್ಕ ಬಿಗಿ ಕಟ್ಟಿಕೊಳ್ರಿ. ಉಸುರು ಹಿಡದು ಮುಳುಗ್ರಿ."

"ನನಗ ಈಜು ಬರಂಗಿಲ್ಲ ಅಕ್ಕಾ."

"ನನಗ ಸೇದಾಕ ಬರ್ತದ. ಮುಳುಗ್ರಿ!"

ಹಗ್ಗ ಬಿಗಿಯಾಯಿತು. ಎಳೆದೆ. ಬರಲಿಲ್ಲ. ತೊಲೆಗೆ ಸಿಕ್ಕಿಕೊಂಡಿತೋ ಏನೋ... ಅಷ್ಟರಲ್ಲಿ ಹಿಂದಿನಿಂದ ಎರಡು ಕೈ ಬಂದು ಹಗ್ಗ ಹಿಡಿದವು. ಇವರು! ಯಾವಾಗ ಬಂದರೋ. ಕಾಲೂರಿ ಎಳೆದರು. ಇತ್ತಲಿನ ನೀರಿನಲ್ಲಿ ತಲೆ ಎದ್ದಿತು.

ಮೇಲೆ ತಂದು ಕೂರಿಸಿ, ಮುಖದ ಮೇಲಿನ ಕೂದಲು ಸರಿಸಿದೆ. ಹದಿನೆಂಟು ದಾಟಿರಲಿಕ್ಕಿಲ್ಲ. ಗಲ್ಲದ ಮೇಲೆ ಸಿಡುಬಿನ ಕಲೆ, ದುಂಡು ಮುಖ. ನನ್ನ ಅರ್ಧ ವಯಸ್ಸಿನ ಹುಡುಗಿಯನ್ನೇ ವರ್ಷವಿಡೀ ಆಪಾ ಎಂದು ಕರೆದಿದ್ದೇನೆ! ಅವಳೂ ನನ್ನನ್ನು ನೋಡಿದಳು. "ನೀವು ಇಷ್ಟು ಗಿಡ್ಡ ಇದ್ದೀರಂತ ಗೊತ್ತಿರಲಿಲ್ಲಕ್ಕಾ," ಅಂದಳು. ಆಮೇಲೆ ನನ್ನ ಹೆಗಲ ಮೇಲೆ ಬಿದ್ದು ಅತ್ತಳು. ನಾನೂ ಅತ್ತೆ.

"ಮೊದಲ ಒಣಾ ಸೀರಿ ಕೊಡು," ಅಂದರು ಇವರು, ಆ ಕಡೆ ಮುಖ ತಿರುಗಿಸಿ.

23 ಸೆಪ್ಟೆಂಬರ್

ಬಡಿಗೆ ಹಿಡಿದವರು ನಮ್ಮ ಬಾಗಿಲಿಗೂ ಬಂದರು. ಇವರು ಹೊಸ್ತಿಲಲ್ಲಿ ಅಡ್ಡ ನಿಂತು, "ಒಳಗ ಹಸಿ ಬಾಣಂತಿ ಅದಾಳ. ಹೆಜ್ಜಿ ಇಡಬ್ಯಾಡ್ರಿ" ಅಂದರು. ಇವರು ಸುಳ್ಳು ಹೇಳಿದ್ದು ಮೊದಲ ಸಲ ಕೇಳಿದೆ. ಅವರು ಹೋದರು.

ಊಟಕ್ಕೆ ಕೂತಾಗ ಮಾಳಿಗೆಯ ಕಡೆ ನೋಡಿ, "ಅದು ತಾನಾಗೇ ಸೋರಲಿಲ್ಲ, ಹೌದಿಲ್ಲೋ?" ಅಂದರು.

ಇನ್ನೊಂದು ರೊಟ್ಟಿ ಬಡಿದೆ.

26 ಸೆಪ್ಟೆಂಬರ್, ಮಧ್ಯಾಹ್ನ

ಕರೀಮಸಾಬರ ಸುದ್ದಿಯಿಲ್ಲ. ಇವರು ದವಾಖಾನೆಗೆ ಬಂದವರನ್ನೆಲ್ಲ ಮೆಲ್ಲಗೆ ವಿಚಾರಿಸಿದ್ದಾರೆ, ಜೇವರ್ಗಿ ದಾರಿಯಲ್ಲಿ ನೋಡಿದವರು ಯಾರೂ ಇಲ್ಲ. ವಜೀರುನ್ನಿಸಾ ತುತ್ತು ಮುಟ್ಟುವುದಿಲ್ಲ. ಬಾವಿ ಕಟ್ಟೆಗೆ ಒರಗಿ ಕೂತಿದ್ದಾಳೆ. ನಾನೂ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಏನು ಹೇಳಿ ಸಮಾಧಾನ ಮಾಡಲಿ? ಬದುಕಿದ್ದರೆ ಇಷ್ಟೊತ್ತಿಗೆ—

ಸದ್ದು. ಆ ಕಡೆಯ ಕಟ್ಟೆ.

ಟಣ್. ಟಣ್.

ಇವಳು ಉಸಿರು ಬಿಗಿಹಿಡಿದು ನನ್ನ ಮುಖ ನೋಡುತ್ತಿದ್ದಾಳೆ. ಎರಡೇ. ಅವರಾದರೆ ಮೂರು. ಯಾರೋ ಬೇರೆ—

ಟಣ್. ಮತ್ತೆ ಕೆಮ್ಮು! ಇವರನ್ನು ಕೂಗಿದೆ, ಹಗ್ಗ ತರುತ್ತಿದ್ದಾರೆ, ಗಳ ಎಲ್ಲಿಟ್ಟೆನೋ