ಮೊದಲು ಹುಬ್ಬು, ಆಮೇಲೆ ಬಾಯಿ

ಮನೆಯಿಂದ,
ಹನ್ನೊಂದನೇ ತಾರೀಖು, ಸೋಮವಾರ ಮಧ್ಯಾಹ್ನ

ನನ್ನ ಮುದ್ದಿನ ಮಗಳೇ,

ಹೇಗಿದ್ದೀಯಮ್ಮ? ಹಡಗಿನಲ್ಲಿ ಬಟ್ಟೆ ಒಗೆಯುವ ಆ ಕೋಣೆಯ ಸೆಕೆಗೆ ಕುತ್ತಿಗೆಯ ಸುತ್ತ ಗುಳ್ಳೆ ಎದ್ದಿವೆ ಎಂದು ಕಳೆದ ಸಲ ಫೋನಿನಲ್ಲಿ ಹೇಳುತ್ತಿದ್ದೆ, ಅಷ್ಟರಲ್ಲಿ ಲೈನು ಕಟ್ಟಾಯಿತು. ಈಗ ಕಡಿಮೆಯಾಗಿದೆಯಾ? ನೀರು ಜಾಸ್ತಿ ಕುಡಿ. ಸ್ವಲ್ಪ ದಿನ ಇಸ್ತ್ರಿ ಯಂತ್ರದ ಹತ್ತಿರ ಬೇರೆ ಯಾರನ್ನಾದರೂ ನಿಲ್ಲಿಸಿ ಎಂದು ನಿನ್ನ ಮೇಲಿನವಳನ್ನು ಬಾಯಿಬಿಟ್ಟು ಕೇಳು. ಕೇಳುವುದೆಂದರೆ ನಿನಗೆ ಮೊದಲಿಂದಲೂ ಸಂಕೋಚ, ಅದು ಯಾರ ಕಡೆಯಿಂದ ಬಂತೋ, ನನ್ನ ಕಡೆಯಿಂದಂತೂ ಅಲ್ಲ. ನಿನ್ನಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಇದ್ದದ್ದೇ. ನನ್ನ ಕೈ ಇನ್ನೂ ನಡುಗುವುದಿಲ್ಲ, ಆದ್ದರಿಂದ ಅಂಗಡಿ ನಡೆಯುತ್ತಿದೆ. ಕತ್ತರಿ ಬಾಚಣಿಗೆ ಹಿಡಿಯುವವನಿಗೆ ಅದಕ್ಕಿಂತ ದೊಡ್ಡ ಆರೋಗ್ಯ ಯಾವುದಿದೆ? ನಿನ್ನ ಮಗಳು ಬಟಾಣಿಯ ಮುಂದಿನ ಹಲ್ಲೆರಡೂ ಬಿದ್ದಿವೆ. ನಕ್ಕರೆ ಥೇಟ್ ನೀನೇ.

ರಜೆಗೆ ನೀನು ಬಂದ ಕೂಡಲೇ ಡೊಳ್ಳಪ್ಪನ ಊರಿಗೆ ಹೋಗುವ ತಯಾರಿ ಇಲ್ಲಿ ಭರ್ಜರಿಯಾಗಿ ನಡೆದಿದೆ. ಟೀವಿಯ ಆ ಹೊಟ್ಟೆಬಾಕ ಕರಡಿ ಎರಡು ತಲೆಮಾರಿನಿಂದ ನಮ್ಮ ಮನೆಯನ್ನು ಆಳುತ್ತಿದ್ದಾನಲ್ಲೇ! ನೀನು ಚಿಕ್ಕವಳಿದ್ದಾಗ ಅಂಗಡಿಯ ಕುರ್ಚಿಗೆ ಅಡ್ಡಹಲಗೆ ಹಾಕಿಸಿಕೊಂಡು ಕೂತು, ಗಿರಾಕಿಗಳು ಸುದ್ದಿ ಹಾಕಮ್ಮಾ ಎಂದು ಗೋಗರೆದರೂ ಬಿಡದೆ ಅವನನ್ನೇ ನೋಡುತ್ತಿದ್ದೆ. ಈಗ ನಿನ್ನ ಮಗಳ ಹಲ್ಲುಜ್ಜುವ ಬ್ರಷ್ಷು, ಶಾಲೆಯ ಚೀಲ, ದಿಂಬಿನ ಕವರು, ಕೊನೆಗೆ ಒಳಚಡ್ಡಿಯ ಮೇಲೂ ಅವನೇ ಕೂತಿದ್ದಾನೆ. ಅವನ ಹೆಸರಿನಲ್ಲಿ ಕಟ್ಟಿರುವ ಆಟದ ಊರಿನ ನಕ್ಷೆಯನ್ನು ನೀನು ಕಳಿಸಿದ್ದೆಯಲ್ಲ, ಅದು ಅವಳ ಮಂಚದ ಪಕ್ಕದ ಗೋಡೆಯ ಮೇಲಿದೆ. ಮೊದಲು ಜೇನುಗೂಡಿನ ಉಯ್ಯಾಲೆ, ಆಮೇಲೆ ದೋಣಿ, ಆಮೇಲೆ ಸಿಡುಕಿ ಬಾತುಕೋಳಿಯ ಮನೆ ಎಂದು ತಾಯಿ ಮಗಳು ಫೋನಿನಲ್ಲಿ ಜಗಳವಾಡಿ ತೀರ್ಮಾನಿಸಿದ ದಾರಿಗೆ ಅವಳು ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಾಳೆ. ಒಂದು ಮಾತು ಹೇಳುತ್ತೇನೆ: ಉಯ್ಯಾಲೆಗೆ ಹೋದಾಗ ಎಡಗಡೆಯ ಸಾಲಿನಲ್ಲಿ ನಿಂತುಕೊಳ್ಳಿ, ಬಲಗಡೆಯದಕ್ಕೆ ನೆರಳಿಲ್ಲ. ಇದು ಅಪ್ಪನಿಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತೀಯ. ಅದನ್ನು ಹೇಳುವುದಕ್ಕೇ ಈ ಕಾಗದ ಹಿಡಿದು ಕೂತಿದ್ದೇನೆ, ಬೆಳಿಗ್ಗೆಯಿಂದ ಮೂರು ಹಾಳೆ ಹರಿದೆ.

ಮಗಳೇ, ನಾನು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಂದುಬಿಟ್ಟೆ. ಬೈಯುವುದಾದರೆ ಇಲ್ಲೇ ಬೈದು ಮುಗಿಸಿ ಮುಂದೆ ಓದು. ಕಳೆದ ತಿಂಗಳು ಉದ್ದಮೀಸೆ ಗಡ್ಡ ಮಾಡಿಸಲು ಬಂದಿದ್ದ, ಅದೇ, ಟೂರಿಸ್ಟ್ ಬಸ್ಸು ಓಡಿಸುತ್ತಾನಲ್ಲ ಅವನು. ಯಾವುದೋ ಕಾರ್ಖಾನೆಯವರು ಸಂಸಾರ ಸಮೇತ ಡೊಳ್ಳಪ್ಪನ ಊರಿಗೆ ಹೊರಟಿದ್ದರಂತೆ. "ಎರಡು ಸೀಟು ಖಾಲಿ ಇದೆ, ಮೊಮ್ಮಗಳನ್ನ ಕರ್ಕೊಂಡು ಬಂದ್ಬಿಡಿ ಯಜಮಾನ್ರೇ," ಎಂದ. ನಿನ್ನಮ್ಮ ಅವಳ ತಂಗಿಯ ಮನೆಗೆ ಹೋಗಿದ್ದಳು, ತಡೆಯುವವರು ಯಾರೂ ಇರಲಿಲ್ಲ. ಪುಕ್ಕಟೆ ಸೀಟಿನ ಆಸೆಗೆ ಹೋದೆ ಎಂದು ಬರೆದರೆ ನೀನು ನಂಬಿಬಿಡುತ್ತೀಯ, ಆದರೆ ಅದು ನಿಜ ಅಲ್ಲ. ಅವಳಪ್ಪ ತೀರಿಕೊಂಡು ನೀನು ಹಡಗು ಹತ್ತಿದಾಗಿನಿಂದ ಆ ಮಗುವಿನ ಬಾಯಲ್ಲಿ ಒಂದೇ ಮಾತು, "ಅಮ್ಮ ಬಂದ್ಮೇಲೆ." ಹೊಸ ಲಂಗ ಹಾಕಿಕೋ ಎಂದರೆ ಅಮ್ಮ ಬಂದ್ಮೇಲೆ. ಸೈಕಲ್ ಕಲಿಸುತ್ತೇನೆ ಬಾ ಎಂದರೆ ಅಮ್ಮ ಬಂದ್ಮೇಲೆ. ತಲೆ ಬಾಚುವವನು ನಾನು, ಶಾಲೆಗೆ ಬಿಡುವವನು ನಾನು, ಜ್ವರ ಬಂದರೆ ಪಕ್ಕದಲ್ಲಿ ಕೂರುವವನು ನಾನು, ಖುಷಿಯೆಲ್ಲ ಮಾತ್ರ ನಿನ್ನ ಹೆಸರಿಗೆ ಎತ್ತಿಟ್ಟದ್ದು. ನನಗೆ ಹೊಟ್ಟೆಕಿಚ್ಚಾಯಿತು ಕಣೇ. ಹೊತ್ತು ಗೊತ್ತಿಲ್ಲದೆ ದುಡಿಯುವ ಹೆತ್ತ ಮಗಳ ಮೇಲೆ ಅಪ್ಪನಿಗೆ ಹೊಟ್ಟೆಕಿಚ್ಚು! ಅವಳು ಮೊದಲ ಸಲ ಆ ಬಾಗಿಲ ಮುಂದೆ ನಿಂತು ಬಾಯಿ ತೆರೆದು ನೋಡುವಾಗ ಪಕ್ಕದಲ್ಲಿ ನಾನಿರಬೇಕು, ಒಂದೇ ಒಂದು ಸಲ ನಾನಿರಬೇಕು ಅನ್ನಿಸಿತು.

ಇದ್ದೆ. ದೊಡ್ಡ ಬಾಗಿಲ ಮೇಲೆ ಮನೆಯೆತ್ತರದ ಡೊಳ್ಳಪ್ಪ ಕೂತಿದ್ದ, ಅವಳು ಬಾಯಿ ತೆರೆದು ನಿಂತಳು, ನನ್ನ ಎದೆ ಉಬ್ಬಿತು. ಆ ಉಬ್ಬು ಒಂದು ಗಳಿಗೆಯೂ ನಿಲ್ಲಲಿಲ್ಲ. ತಟ್ಟನೆ ಬಾಯಿ ಮುಚ್ಚಿ ನನ್ನ ಕಡೆ ತಿರುಗಿ, "ತಾತಾ, ಅಮ್ಮಂಗೆ ಬೇಜಾರಾಗಲ್ವಾ?" ಎಂದಳು. ಅಲ್ಲೇ ಬಸ್ಸಿಗೆ ವಾಪಸು ಹೋಗಿ ಕೂರಬೇಕಿತ್ತು. ಬುದ್ಧಿಗೆಟ್ಟವನು ನಾನು, "ಅಮ್ಮಂಗೆ ಹೇಳೋದೇ ಬೇಡ, ಆಗ ಬೇಜಾರೂ ಇಲ್ಲ," ಎಂದು ಕೈ ಹಿಡಿದು ಒಳಗೆ ಎಳೆದುಕೊಂಡು ಹೋದೆ. ರಾತ್ರಿಯಾಗುವವರೆಗೂ ಇದ್ದು ಎಲ್ಲ ನೋಡಿ ಬಂದೆವು.

ಇಷ್ಟಕ್ಕೇ ನಿಂತಿದ್ದರೆ ಮುದುಕನ ಹುಡುಗಾಟ ಎಂದು ಬಿಡಬಹುದಿತ್ತು. ಮುಂದಿನದು ಬರೆಯಲು ಕೈ ಏಳುತ್ತಿಲ್ಲ. ಅಲ್ಲಿಂದ ಬಂದ ವಾರ ಅಂಗಡಿಯಲ್ಲಿ ಯಾರೂ ಇಲ್ಲದಾಗ ಅವಳು ಹಲಗೆಯ ಮೇಲೆ ಕೂತು, "ಅಮ್ಮನ ಜೊತೆ ಹೋದಾಗ ನಾನು ಹೆಂಗೆ ನೋಡ್ಬೇಕು ತಾತಾ?" ಎಂದು ಕೇಳಿದಳು. ಒಂದು ಸಲ ಮಾಡಿ ತೋರಿಸಿದಳು, ಕಣ್ಣು ಮೂಗು ಎಲ್ಲ ಒಟ್ಟಿಗೇ ಅರಳಿಸಿ. ನಾಟಕ ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ನಿನಗೆ ಗೊತ್ತಲ್ಲ, ಇಷ್ಟು ವರ್ಷ ಗಿರಾಕಿಗಳ ತಲೆಯ ಹಿಂದೆ ಕೈಗನ್ನಡಿ ಹಿಡಿದು ಹೇಗಿದೆ ಎಂದು ಕೇಳಿದವನು ನಾನು. ಚೆನ್ನಾಗಿದೆ ಎನ್ನುವವರಲ್ಲಿ ಯಾರ ಮುಖ ನಿಜ, ಯಾರದು ದಾಕ್ಷಿಣ್ಯಕ್ಕೆ ಎಂದು ಎದುರಿನ ಕನ್ನಡಿಯಲ್ಲಿ ಕಂಡುಬಿಡುತ್ತದೆ. ಆ ವಿದ್ಯೆಯನ್ನೆಲ್ಲ ನಿನ್ನ ಮಗಳಿಗೆ ಧಾರೆ ಎರೆದೆ. "ಎಲ್ಲಾ ಒಟ್ಟಿಗೆ ಬೇಡ ಪುಟ್ಟಾ, ಮೊದಲು ಹುಬ್ಬು, ಆಮೇಲೆ ಬಾಯಿ. ನಡುವೆ ಒಂದು ಉಸಿರು ತಗೋ." ಗಿರಾಕಿ ಬಂದರೆ ನಿಲ್ಲಿಸುವುದು, ಹೋದರೆ ಮತ್ತೆ ಶುರು. ಜಾಣೆ, ಬೇಗ ಕಲಿತಳು. ನಾನು ಚಪ್ಪಾಳೆ ತಟ್ಟಿದೆ. ತಾಯಿಗೆ ಸುಳ್ಳು ಮುಖ ತೋರಿಸುವುದನ್ನು ಹಾಲುಹಲ್ಲಿನ ಮಗುವಿಗೆ ಕಲಿಸಿ ಚಪ್ಪಾಳೆ ತಟ್ಟಿದೆನಲ್ಲ, ನನ್ನ ಕೈ ಸೇದಿಹೋಗಬಾರದಿತ್ತೇ!

ಹೋದ ಶುಕ್ರವಾರ ಅವಳ ಹುಟ್ಟುಹಬ್ಬ. ನೀನು ಫೋನ್ ಮಾಡಲು ಆಗದ ದಿನ, ನಡುಗಡಲಿನಲ್ಲಿದ್ದೆ. ಅವಳಿಗೆಂದು ಕೆಂಪು ಬೂಟು ತಂದಿದ್ದೆ, ಪೇಟೆಯ ಆ ತುದಿಯ ಅಂಗಡಿಯಲ್ಲಿ ಅವಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳಲ್ಲ, ಅದೇ ಎಂದು ನನ್ನ ಲೆಕ್ಕ. ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದಳು. ಹುಬ್ಬು ಏರಿತು. ಒಂದು ಉಸಿರು. ಆಮೇಲೆ ಬಾಯಿ ತೆರೆಯಿತು, "ಅಯ್ಯೋ ತಾತಾ, ಎಷ್ಟು ಚೆನ್ನಾಗಿದೆ!" ಎಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ನಿನ್ನಮ್ಮ ಪಕ್ಕದಲ್ಲಿ ನಿಂತು ಸಂತೋಷದಿಂದ ನೋಡುತ್ತಿದ್ದಾಳೆ, ನನಗೋ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ. ಬೂಟು ಅವಳಿಗೆ ಇಷ್ಟವಾಯಿತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಸಾವಿರ ಮುಖ ಓದಿದವನಿಗೆ ಮನೆಯ ಮಗುವಿನ ಮುಖ ಓದಲು ಬರದೆ ಹೋಯಿತು, ಹಾಗೆ ಮಾಡಿಟ್ಟವನೂ ನಾನೇ.

ನಿನ್ನಮ್ಮನಿಗೆ ಅಂದೇ ಎಲ್ಲ ಹೇಳಿಬಿಟ್ಟೆ. ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ಸಮಾಧಾನವಾಗುತ್ತಿತ್ತು. "ಮಾಡಿದ್ದು ನೀವು, ಬರೆಯೋದೂ ನೀವೇ. ನನ್ನ ಹೆಸರು ಅದ್ರಲ್ಲಿ ತರ್ಬೇಡಿ," ಎಂದು ಒಳಗೆ ಹೋದಳು. ಆಗಿನಿಂದ ತಟ್ಟೆ ಇಡುವಾಗ ಸದ್ದು ಮಾಡಿ ಇಡುತ್ತಾಳೆ, ಮಾತು ಅಷ್ಟೇ. ತರಬೇಡಿ ಎಂದದ್ದನ್ನೂ ತಂದುಬಿಟ್ಟೆ ನೋಡು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದರೆ ನಾಲಿಗೆ ಏಳುವುದಿಲ್ಲ, ಅದಕ್ಕೇ ಕಾಗದ. ಮಗುವನ್ನು ಒಂದು ಮಾತೂ ಕೇಳಬೇಡ, ನಿನ್ನ ದಮ್ಮಯ್ಯ. ತಪ್ಪೆಲ್ಲ ನನ್ನದು. ನಿನ್ನ ಬದುಕಿನಲ್ಲಿ ಉಳಿದಿದ್ದ ಒಂದು ಸಣ್ಣ ಸುಖ, ಅದನ್ನು ನಾನು ನಿನಗಿಂತ ಮೊದಲು ಹೋಗಿ ತಿಂದು ಬಂದೆ. ಕ್ಷಮಿಸು ಎಂದು ಕೇಳಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ಗುಳ್ಳೆಗಳಿಗೆ ತಣ್ಣೀರಿನ ಬಟ್ಟೆ ಇಡು, ಉಜ್ಜಬೇಡ. ನೀನು ಎಲ್ಲಿದ್ದರೂ ಕಡಲು ತಣ್ಣಗಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನಮ್ಮನ ಆಶೀರ್ವಾದ ನಾನು ಕೇಳದೆಯೇ ಸೇರಿಸಿದ್ದೇನೆ.

ತಲೆ ಎತ್ತಲಾರದ,
ನಿನ್ನ ಅಪ್ಪ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಬಟಾಣಿ ಶಾಲೆಯಿಂದ ಬಂದು ಏನು ಬರೆದೆ ಎಂದಳು. ಹೇಳಿದೆ. ಕೆಂಡಾಮಂಡಲವಾದಳು, "ಎಲ್ಲಾ ನೋಡಿದ್ವಿ ಅಂತ ಯಾಕ್ ಬರ್ದೆ? ನಾನು ದೀಪದ ಮೆರವಣಿಗೆ ನೋಡೇ ಇಲ್ಲ!" ಎಂದು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಯವನು ಪಕ್ಕದ ಮನೆಯ ತನಕ ಬಂದಿದ್ದಾನೆ. ಅವತ್ತು ಸಂಜೆ ಮೆರವಣಿಗೆ ಬಂದಾಗ ಅವಳು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಳು. ಡೋಲಿನ ಸದ್ದಿಗೆ ಹೆದರಿದಳು ಎಂದುಕೊಂಡು, ಇಷ್ಟು ದೂರ ಬಂದು ಇದೇನೇ ಎಂದು ಗದರಿ, ಅವಳ ಕೈ ಹಿಡಿದು ಎಳೆದೆ. ಬಿಡಲಿಲ್ಲ. ಕಡೆಯ ಗಾಡಿ ಹೋಗುವವರೆಗೂ ಬಿಡಲಿಲ್ಲ. ಅದನ್ನು ನಿನ್ನ ಹೆಗಲ ಮೇಲೆ ಕೂತು ನೋಡುವುದೆಂದು ನೀವಿಬ್ಬರೂ ಮಾತಾಡಿಕೊಂಡಿದ್ದಿರಂತೆ, ನನಗೇನು ಗೊತ್ತು. ಸೋಮವಾರ ಮೆರವಣಿಗೆ ಇರುವುದಿಲ್ಲ, ಬೇರೆ ದಿನಕ್ಕೆ ಟಿಕೆಟ್ ಮಾಡಿಸು. ನಾನು ಮನೆಯಲ್ಲೇ ಇರುತ್ತೇನೆ, ನೀವಿಬ್ಬರೇ ಹೋಗಿಬನ್ನಿ ಎಂದು ಅವಳಿಗೆ ಹೇಳಿದೆ. ಹೆಗಲ ಚೀಲ ಕೆಳಗಿಳಿಸಿ, "ನೀನೂ ಬಾ ತಾತಾ. ಆದ್ರೆ ಮೆರವಣಿಗೆ ಬಂದಾಗ ಆ ಕಡೆ ತಿರುಗಿ ನಿಂತ್ಕೋಬೇಕು, ನನ್ನ ಮುಖ ನೋಡ್ಬಾರ್ದು, ಅದು ಅಮ್ಮಂಗೆ," ಎಂದಳು. ಒಪ್ಪಿದ್ದೇನೆ. ನನಗೂ ಒಂದು ಟಿಕೆಟ್ ಮಾಡಿಸಮ್ಮ, ಆ ಕಡೆ ತಿರುಗಿ ನಿಂತುಕೊಳ್ಳುತ್ತೇನೆ.